ಕುಶ್ ಮೈನಿ ಮೊನಾಕೊ ಗೆದ್ರೂ ಎಫ್1 ಸೀಟ್ ಯಾಕೆ ಇನ್ನೂ ದೂರ? ಕಾರ್ಟಿಂಗ್‌ನಿಂದ ಮೇಲಕ್ಕೆ ಹೋಗೋ ದಾರಿ ಹೆಂಗಿದೆ?

ಕಲ್ಪತರು_ಹುಡುಗ

ಎಲ್ರಿಗೂ ನಮಸ್ಕಾರ. ನಮ್ಮಕ್ಕನ ಮಗ, ಹನ್ನೊಂದು ವರ್ಷ, ತುಮಕೂರಲ್ಲಿ ಓದ್ತಿದಾನೆ. ಬೆಂಗಳೂರಿನ ಬಾಗಲೂರು ಕಡೆ ಇರೋ ಮೆಕೊ ಕಾರ್ಟೋಪಿಯಾ ಅನ್ನೋ ಕಾರ್ಟಿಂಗ್ (ಪುಟ್ಟ ರೇಸ್ ಗಾಡಿ ಓಡಿಸೋ) ಟ್ರ್ಯಾಕ್‌ಗೆ ಕರ್ಕೊಂಡು ಹೋದಾಗಿಂದ ಮನೇಲಿ ಬೇರೆ ಮಾತೇ ಇಲ್ಲ, ಕುಶ್ ಮೈನಿ 2025ರ ಮೇನಲ್ಲಿ ಮೊನಾಕೊದಲ್ಲಿ ಎಫ್2 (ಫಾರ್ಮುಲಾ 2) ರೇಸ್ ಗೆದ್ದ ವಿಡಿಯೊನೇ ಹಾಕ್ಕೊಂಡು ಕೂತಿರ್ತಾನೆ. ಅಲ್ಲಿ ಎಫ್2 ಗೆದ್ದ ಮೊದಲ ಭಾರತೀಯ, ಅದೂ ನಮ್ಮ ಬೆಂಗಳೂರಿನವನು ಅಂದ್ರೆ ನಂಗೂ ಖುಷಿನೇ. ಆದ್ರೆ ಎಫ್2 ಅಂದ್ರೆ ಎಫ್1ಗೆ ಒಂದೇ ಮೆಟ್ಲು ಕೆಳಗೆ ಅಲ್ವಾ, ಅಲ್ಲಿ ಗೆದ್ದವನಿಗೆ ಎಫ್1 ಸೀಟ್ ಯಾಕೆ ಸಿಗ್ತಿಲ್ಲ? ಅವನು ಎಲ್ಲಿಂದ ಶುರು ಮಾಡಿ ಅಲ್ಲಿಗೆ ಹೋದ? ಹುಡುಗನಿಗೆ ಏನು ಹೇಳ್ಬೇಕು ಅಂತ ತಿಳ್ಕೊಳ್ಳೋಕೆ ಕೇಳ್ತಿದೀನಿ, ಗೊತ್ತಿರೋರು ಬಿಡಿಸಿ ಹೇಳಿ.

ಲೇಟ್‌ಬ್ರೇಕರ್

ಒಳ್ಳೆ ಪ್ರಶ್ನೆ ಗುರು. ಕುಶ್ ಹುಟ್ಟಿದ್ದು 2000ದಲ್ಲಿ, ಎಲ್ಲರ ಥರ ಕಾರ್ಟಿಂಗ್‌ನಿಂದಾನೇ ಶುರು. ಆಮೇಲಿನ ಮೆಟ್ಲು ಎಫ್4, ಎಫ್3, ಎಫ್2 ಹಿಂಗೆ ಮೇಲಕ್ಕೆ ಹೋಗುತ್ತೆ. 2016ರಲ್ಲಿ ಇಟಾಲಿಯನ್ ಎಫ್4, ಅಲ್ಲಿಂದ ಇಂಗ್ಲೆಂಡು. 2018ರಲ್ಲಿ ಬ್ರಿಟಿಷ್ ಎಫ್3ನಲ್ಲಿ ಮೂರನೇ ಸ್ಥಾನ, 2019ರಲ್ಲಿ ಫಾರ್ಮುಲಾ ರೆನೊ ಯೂರೋಕಪ್ (ಆ ವರ್ಷ ಅದನ್ನ ಗೆದ್ದಿದ್ದು ಆಮೇಲೆ ಎಫ್1ಗೆ ಹೋದ ಆಸ್ಕರ್ ಪಿಯಾಸ್ಟ್ರಿ, ಎಂಥ ಹುಡುಗರ ಮಧ್ಯೆ ಓಡಿಸ್ತಿದ್ದ ನೋಡಿ), 2020ರಲ್ಲಿ ಮತ್ತೆ ಬ್ರಿಟಿಷ್ ಎಫ್3ಗೆ ಬಂದು ಎರಡನೇ ಸ್ಥಾನ. 2022ರಲ್ಲಿ ಎಂಪಿ ಮೋಟಾರ್‌ಸ್ಪೋರ್ಟ್ ಜೊತೆ ಎಫ್‌ಐಎ ಎಫ್3, 2023ರಲ್ಲಿ ಕಾಂಪೋಸ್ ಟೀಮಲ್ಲಿ ಎಫ್2. ಆ ವರ್ಷಾನೇ ಎಫ್1 ಟೀಮ್ ಅಲ್ಪೀನ್‌ನ ಯುವ ಡ್ರೈವರ್ ಅಕಾಡೆಮಿಗೂ ಸೇರ್ಕೊಂಡ. ಎಫ್2ನಲ್ಲೇ 2024ರಲ್ಲಿ ಇನ್ವಿಕ್ಟಾ ಟೀಮು, 2025ರಲ್ಲಿ ಡ್ಯಾಮ್ಸ್ ಟೀಮು.

ಇನ್ನು ಮೊನಾಕೊ. ಎಫ್2ನಲ್ಲಿ ಒಂದು ವೀಕೆಂಡ್‌ಗೆ ಎರಡು ರೇಸ್, ಶನಿವಾರ ಸ್ಪ್ರಿಂಟ್ (ಚಿಕ್ಕ ರೇಸ್), ಭಾನುವಾರ ಫೀಚರ್ (ದೊಡ್ಡ, ಮುಖ್ಯ ರೇಸ್). ಸ್ಪ್ರಿಂಟ್‌ನಲ್ಲಿ ಕ್ವಾಲಿಫೈಯಿಂಗ್‌ನ (ರೇಸಲ್ಲಿ ಯಾರು ಎಲ್ಲಿ ನಿಲ್ಬೇಕು ಅಂತ ತೀರ್ಮಾನಿಸೋ ಟೈಮಿಂಗ್ ಓಟ) ಮೊದಲ ಹತ್ತು ಜನರನ್ನ ತಿರುಗಾಮುರುಗಾ ಮಾಡಿ ನಿಲ್ಲಿಸ್ತಾರೆ, ಹತ್ತನೇವನು ಮುಂದೆ. ಕುಶ್ ಗೆದ್ದಿದ್ದು ಹಂಗೆ ಮುಂದೆ ನಿಂತು. ಮೊನಾಕೊದಲ್ಲಿ ಓವರ್‌ಟೇಕ್ ಮಾಡೋಕೆ ಜಾಗಾನೇ ಇಲ್ಲ, ಹಾಗಾಗಿ ಎಫ್1 ಟೀಮ್‌ನವರು ಇದೊಂದನ್ನೇ ನೋಡಿ ಸೀಟ್ ಕೊಡಲ್ಲ. ಸ್ಪ್ರಿಂಟ್ ಗೆದ್ರೆ 10 ಪಾಯಿಂಟ್, ಫೀಚರ್ ಗೆದ್ರೆ 25, ಯಾವುದಕ್ಕೆ ಬೆಲೆ ಅಂತ ಅದರಲ್ಲೇ ಗೊತ್ತಾಗುತ್ತೆ.

ಹುಬ್ಬಳ್ಳಿ_ಎಕ್ಸ್‌ಪ್ರೆಸ್

ಲೇಟ್‌ಬ್ರೇಕರ್ ಅಣ್ಣಾರ, ಲೆಕ್ಕ ಖರೇ ಹೇಳೀರಿ, ಆದ್ರ ಆ ಗೆಲುವನ್ನ ಅಷ್ಟು ಸಣ್ಣದು ಮಾಡಬ್ಯಾಡ್ರಿ. ಮುಂದ ನಿಂತವನಿಗೂ ಆ ಗೋಡಿ ನಡುವ ಒಂದು ತಪ್ಪು ಮಾಡ್ದಂಗ ಕೊನಿತನಕ ಓಡ್ಸೋದು ಆಗಬೇಕಲ್ರಿ, 600ಕ್ಕೂ ಹೆಚ್ಚು ಹಾರ್ಸ್‌ಪವರ್ ಗಾಡಿ ಅದು, ಪವರ್ ಸ್ಟೀರಿಂಗ್ ಸೈತ ಇಲ್ಲ. ಎಷ್ಟೋ ಮಂದಿ ಹಂಗ ತಿರುಗಾಮುರುಗಾ ಮಾಡಿದ ಸಾಲಿನ್ಯಾಗ ಮುಂದ ನಿಂತು ಮೊದಲನೇ ಕಾರ್ನರ್‌ನ್ಯಾಗ ಕಳಕೊಂಡಾರ.

ಇನ್ನ ರೊಕ್ಕದ ಮಾತು ಯಾರೂ ಎತ್ತಲಿಲ್ಲ. ಎಫ್2 ಒಂದು ಸೀಸನ್‌ಗೆ ಮೂವತ್ತು ಲಕ್ಷ ಯೂರೊ ಆಸುಪಾಸು ಅಂತ ಎಲ್ಲಾ ಕಡೆ ಬರೀತಾರ, ಅಂದ್ರ ನಮ್ಮ ರೊಕ್ಕದಾಗ ಇಪ್ಪತ್ತೈದು ಕೋಟಿ ಮ್ಯಾಲ. ಮೈನಿ ಮನಿತನ ಬೆಂಗಳೂರಿನ ದೊಡ್ಡ ಕೈಗಾರಿಕಾ ಮನಿತನ, ರೇವಾ ಕರೆಂಟ್ ಕಾರ್ ಮಾಡಿದ ಚೇತನ್ ಮೈನಿ ಕುಶ್‌ಗ ಕಾಕಾ ಆಗ್ಬೇಕು. ಅದನ್ನ ಹೇಳಿ ಕುಶ್‌ನ ಕಷ್ಟ ಕಡಿಮಿ ಮಾಡಾಕತ್ತಿಲ್ಲ ನಾನು, ರೊಕ್ಕ ಇದ್ದವ್ರೆಲ್ಲ ಪೋಲ್ (ಕ್ವಾಲಿಫೈಯಿಂಗ್‌ನ್ಯಾಗ ಮೊದಲನೇ ಜಾಗ) ಹೊಡೀತಾರೇನು? ಆದ್ರ ರೊಕ್ಕ ಇಲ್ದ ಆ ಗೇಟ್ ಒಳಗ ಕಾಲಿಡಾಕೂ ಆಗಂಗಿಲ್ಲ ಅನ್ನೋದು ನಿಮ್ಮಕ್ಕಾಗೂ ಭಾವಗೂ ಮೊದ್ಲ ಗೊತ್ತಿರ್ಬೇಕು.

ಅವರಣ್ಣ ಅರ್ಜುನ್ ಮೈನಿದೂ ನೋಡ್ರಿ. 2014ರಾಗ ಇಂಗ್ಲೆಂಡಿನ ಬಿಆರ್‌ಡಿಸಿ ಎಫ್4ದಾಗ ಕೊನೀ ರೇಸ್ ತನಕ ಹೋರಾಡಿ ಎರಡನೇದವ ಆದ, ಮೊದಲನೇದವ ಯಾರು ಗೊತ್ತೈತೇನು, ಜಾರ್ಜ್ ರಸೆಲ್! ಅರ್ಜುನ್ 2017ರಾಗ ಬಾರ್ಸಿಲೋನಾದಾಗ ಜಿಪಿ3 (ಆಗಿನ ಎಫ್3 ಮಟ್ಟದ ಸರಣಿ) ರೇಸ್ ಗೆದ್ದ, ಎಫ್1ನ ಹಾಸ್ ಟೀಮಿಗೆ ಡೆವಲಪ್‌ಮೆಂಟ್ ಡ್ರೈವರ್ ಆಗಿದ್ದ, 2018ರಾಗ ಎಫ್2 ಸೈತ ಓಡ್ಸಿದ. ರಸೆಲ್ ಎಫ್1ದಾಗ ಮರ್ಸಿಡಿಸ್‌ಗ ಹೋದ, ಅರ್ಜುನ್ ಎಫ್1 ದಾರಿ ಬಿಟ್ಟು ಜರ್ಮನಿಯ ಡಿಟಿಎಂ ಅನ್ನೋ ಕಾರ್ ರೇಸ್ ಸರಣಿಗೆ ಹೋದ. ಇದನ್ನ ನೆನಸ್ಕೊಂಡ್ರ ನನಗ ಈಗ್ಲೂ ಹೊಟ್ಟ್ಯಾಗ ಸಂಕಟ ಆಗ್ತೈತಿ.

ಸೆಕ್ಟರ್_ಮೂರು

ಇಬ್ರೂ ಹೇಳಿದ್ದು ಸರಿ, ಆದ್ರೆ ಮೂಲ ಪ್ರಶ್ನೆಗೆ ಉತ್ತರ ಸೂಪರ್ ಲೈಸೆನ್ಸ್, ಅಂದ್ರೆ ಎಫ್1 ಓಡಿಸೋಕೆ ಬೇಕಾದ ಪರವಾನಗಿ. ಎಫ್1ನಲ್ಲಿ ರೇಸ್ ಮಾಡ್ಬೇಕಂದ್ರೆ ಮೂರು ಸೀಸನ್ ಒಳಗೆ 40 ಪಾಯಿಂಟ್ ಕೂಡಿಸ್ಬೇಕು. ಇದು ರೇಸ್ ಪಾಯಿಂಟ್ ಅಲ್ಲ, ಸೀಸನ್ ಮುಗಿದಾಗ ಚಾಂಪಿಯನ್‌ಶಿಪ್‌ನಲ್ಲಿ ಎಷ್ಟನೇ ಸ್ಥಾನ ಅನ್ನೋದರ ಮೇಲೆ ಕೊಡೋದು. ಎಫ್2ನಲ್ಲಿ ಮೊದಲ ಮೂವರಿಗೆ ಒಂದೇ ಏಟಿಗೆ 40, ನಾಲ್ಕನೇವನಿಗೆ 30, ಐದಕ್ಕೆ 20, ಆರಕ್ಕೆ 10, ಆಮೇಲೆ ಬೀಳ್ತಾ ಬೀಳ್ತಾ ಹತ್ತನೇವನಿಗೆ 3. ಹನ್ನೊಂದನೇವನಿಗೆ ಸೊನ್ನೆ. ಕುಶ್ 2023ರಲ್ಲಿ ಬಂದಿದ್ದು ಹನ್ನೊಂದನೇದಾಗಿ, 2024ರಲ್ಲಿ ಹದಿಮೂರನೇದಾಗಿ. ಎರಡು ಪೂರ್ತಿ ಸೀಸನ್, ಪೋಡಿಯಂ ಇದೆ, ಗೆಲುವಿದೆ, ಆದ್ರೆ ಎಫ್2ನಿಂದ ಲೈಸೆನ್ಸ್‌ಗೆ ಬಂದಿದ್ದು ಏನೂ ಇಲ್ಲ.

2024 ನೋಡಿದ್ರೆ ತುಂಬ ಬೇಜಾರಾಗುತ್ತೆ. ಬಹರೇನ್‌ನಲ್ಲಿ ಮೊದಲ ವೀಕೆಂಡೇ ಪೋಲ್ ಹೊಡೆದ, ಆಮೇಲೆ ಚೆಕಿಂಗ್‌ನಲ್ಲಿ ಕಾರು ತಾಂತ್ರಿಕ ನಿಯಮಕ್ಕೆ ಸರಿಯಾಗಿಲ್ಲ ಅಂತ ಡಿಸ್‌ಕ್ವಾಲಿಫೈ ಆಗಿ ಕೊನೇಲಿ ನಿಂತ. ಮುಂದಿನ ವಾರ ಜೆಡ್ಡಾದಲ್ಲಿ ಫೀಚರ್ ರೇಸಲ್ಲಿ ಎರಡನೇ ಸ್ಥಾನ. ಹಂಗೇರಿ ಸ್ಪ್ರಿಂಟ್‌ನಲ್ಲಿ ಎರಡನೇದಾಗಿ ಬಂದ, ಮುಂದಿದ್ದ ವರ್ಶೂರ್ ಡಿಸ್‌ಕ್ವಾಲಿಫೈ ಆಗಿದ್ರಿಂದ ಮೊದಲ ಎಫ್2 ಗೆಲುವು ಹಂಗೆ ಬಂತು. ವೇಗ ಇತ್ತು ಅನ್ನೋದ್ರಲ್ಲಿ ಸಂಶಯಾನೇ ಇಲ್ಲ. ಆದ್ರೆ ಪಕ್ಕದ ಗ್ಯಾರೇಜಲ್ಲಿ ಅದೇ ಕಾರ್ ಓಡಿಸ್ತಿದ್ದ ಗೇಬ್ರಿಯಲ್ ಬೋರ್ಟೊಲೆಟೊ ಚಾಂಪಿಯನ್ ಆಗಿ 2025ಕ್ಕೆ ಎಫ್1 ಟೀಮ್ ಸೌಬರ್‌ನ ಸೀಟ್ ತಗೊಂಡ. ಎಫ್2ನಲ್ಲಿ ಎಲ್ರಿಗೂ ಒಂದೇ ಡಲ್ಲಾರಾ ಚಾಸಿ (ಕಾರಿನ ಬಾಡಿ), ಒಂದೇ ಮೆಕಾಕ್ರೋಮ್ ಇಂಜಿನ್, ಒಂದೇ ಪಿರೆಲ್ಲಿ ಟೈರು, ಹಾಗಾಗಿ ಟೀಮ್‌ಮೇಟ್ ಜೊತೆ ಹೋಲಿಕೆ ತಪ್ಪಿಸ್ಕೊಳ್ಳೋಕೆ ಆಗಲ್ಲ. ಒಂದು ಲ್ಯಾಪ್ ಜೋರಾಗಿ ಓಡಿಸೋದು ಬೇರೆ, ಆ ಪಿರೆಲ್ಲಿ ಟೈರನ್ನ ಸುಟ್ಟುಹೋಗ್ದಂಗೆ ಫೀಚರ್ ರೇಸ್ ಪೂರ್ತಿ ಕಾಪಾಡ್ಕೊಂಡು ಮೇಲಿಂದ ಮೇಲೆ ಮುಂದಿನ ಸ್ಥಾನಗಳಲ್ಲಿ ಬರೋದು ಬೇರೆ, ಬೋರ್ಟೊಲೆಟೊ ಮಾಡಿದ್ದು ಅದು. ಕುಶ್ 2025ರಲ್ಲಿ ಅಲ್ಪೀನ್‌ಗೆ ಟೆಸ್ಟ್ ಮತ್ತು ರಿಸರ್ವ್ ಡ್ರೈವರ್ ಆಗಿದ್ದು ದೊಡ್ಡದೇ, ಆದ್ರೆ ಪಾಯಿಂಟ್ ಇಲ್ದೆ ಅಲ್ಲಿಂದ ರೇಸ್ ಸೀಟ್‌ಗೆ ಹೋಗೋಕೆ ಆಗಲ್ಲ.

ಕಲ್ಪತರು_ಹುಡುಗ

ತುಂಬಾ ಥ್ಯಾಂಕ್ಸ್ ಎಲ್ರಿಗೂ. ಸೊನ್ನೆ ಅಂತ ಓದಿ ಶಾಕ್ ಆಯ್ತು, ಟಿವಿಲಿ ಟ್ರೋಫಿ ಎತ್ತೋದು ಮಾತ್ರ ಕಾಣುತ್ತೆ ನೋಡಿ. ಹಾಗಾದ್ರೆ ಯೂರೋಪ್‌ಗೆ ಹೋಗೋಕೆ ಆಗ್ದೇ ಇರೋ ಮನೆ ಮಕ್ಕಳಿಗೆ ಇಲ್ಲೇ ಏನೂ ದಾರಿ ಇಲ್ವಾ?

ಲೇಟ್‌ಬ್ರೇಕರ್

ಇದೆ. ಈಗ ಹನ್ನೊಂದು ಅಂದ್ರೆ ಇನ್ನೂ ನಾಲ್ಕು ವರ್ಷ ಟೈಮ್ ಇದೆ, ಎಫ್4ಗೆ ಹದಿನೈದು ಆಗಲೇಬೇಕು. ಅಲ್ಲಿವರೆಗೂ ಕಾರ್ಟಿಂಗ್. ಬಾಡಿಗೆ ಕಾರ್ಟ್‌ನಲ್ಲಿ ಟೈಮಿಂಗ್ ಶೀಟ್ ಇಟ್ಕೊಂಡು ಓಡಿಸ್ಲಿ, ಒಂದು ಫಾಸ್ಟ್ ಲ್ಯಾಪ್ ನೋಡ್ಬೇಡಿ, ಹತ್ತು ಲ್ಯಾಪ್ ಒಂದೇ ಥರ ಬರ್ತಿದ್ಯಾ ನೋಡಿ. ಬಂದ್ರೆ ಎಫ್‌ಎಂಎಸ್‌ಸಿಐ (ನಮ್ಮ ದೇಶದ ಮೋಟಾರ್ ರೇಸಿಂಗ್ ಸಂಸ್ಥೆ) ಲೈಸೆನ್ಸ್ ಮಾಡ್ಸಿ ರೋಟ್ಯಾಕ್ಸ್ ನ್ಯಾಷನಲ್ ಕಾರ್ಟಿಂಗ್ ಚಾಂಪಿಯನ್‌ಶಿಪ್‌ಗೆ ಸೇರ್ಸೋ ಬಗ್ಗೆ ಯೋಚ್ನೆ ಮಾಡಿ, ಅದರ ರೌಂಡ್‌ಗಳು ಮೆಕೊದಲ್ಲೂ ನಡೆದಿವೆ, ಅದಕ್ಕೇ ಲಕ್ಷಗಳ ಲೆಕ್ಕ ಶುರುವಾಗುತ್ತೆ ಅನ್ನೋದು ನೆನಪಿರ್ಲಿ. ಆಮೇಲೆ ಕೊಯಮತ್ತೂರಿನ ಕರಿ ಸ್ಪೀಡ್‌ವೇ ಅನ್ನೋ ಟ್ರ್ಯಾಕ್ ಇದೆ, ಅಲ್ಲಿ ಸ್ವಿಫ್ಟ್ ಇಂಜಿನ್ ಹಾಕಿರೋ ಎಲ್‌ಜಿಬಿ ಫಾರ್ಮುಲಾ 4 ರೇಸ್ ನಡೆಯುತ್ತೆ, ಯೂರೋಪ್‌ಗೆ ಹೋಲಿಸಿದ್ರೆ ಖರ್ಚು ಎಷ್ಟೋ ಕಡಿಮೆ. ಅದರ ಮೇಲೆ 2023ರಿಂದ ಎಫ್‌ಐಎ (ಜಾಗತಿಕ ರೇಸಿಂಗ್ ಸಂಸ್ಥೆ) ಮಾನ್ಯತೆ ಇರೋ ಇಂಡಿಯನ್ ಎಫ್4 ಶುರುವಾಗಿದೆ, ಬೆಂಗಳೂರಿನ ರುಹಾನ್ ಆಳ್ವ ಓಡಿಸಿದ್ದು ಅದರಲ್ಲೇ, 2024ರಲ್ಲಿ ಚೆನ್ನೈ ರಸ್ತೆ ಮೇಲೆ ರಾತ್ರಿ ರೇಸ್ ಕೂಡ ಆಯ್ತು. ಎಫ್4 ಚಾಂಪಿಯನ್‌ಗೆ 12 ಸೂಪರ್ ಲೈಸೆನ್ಸ್ ಪಾಯಿಂಟ್ ತನಕ ಸಿಗುತ್ತೆ.

ಹುಬ್ಬಳ್ಳಿ_ಎಕ್ಸ್‌ಪ್ರೆಸ್

ಸಾಲಿ ಮಾತ್ರ ಬಿಡಿಸಬ್ಯಾಡ್ರಿ ಈಗ್ಲೇ. ಚೆನ್ನೈ ಟ್ರ್ಯಾಕ್‌ನ್ಯಾಗ ರೇಸ್ ಇದ್ದಾಗ ಒಮ್ಮೆ ಕರ್ಕೊಂಡು ಹೋಗಿ ಪ್ಯಾಡಕ್‌ನ್ಯಾಗ (ಟೀಮ್‌ನವ್ರು ಗಾಡಿ ಇಟ್ಕೊಂಡು ಕೆಲಸ ಮಾಡೋ ಜಾಗ) ಅಡ್ಡಾಡ್ಸ್ರಿ, ಮೆಕ್ಯಾನಿಕ್ ಮಂದಿ, ಡೇಟಾ ನೋಡೋ ಇಂಜಿನಿಯರ್ ಮಂದಿ ಕೆಲಸ ಮಾಡೋದನ್ನ ಕಣ್ಣಾರೆ ನೋಡ್ಲಿ. ಹೋಗೋದಾದ್ರ ಇಲ್ಲೇ ತಿಳಿಸ್ರಿ, ನಾನೂ ಬರ್ತೀನಿ.