ಗಿಟಾರ್ ಆಟದಲ್ಲಿ ಪಳಗಿದ ಕೈ ನಿಜವಾದ ಗಿಟಾರಿಗೆ ಒದಗುತ್ತದೆಯೇ?

ಪ್ರಶ್ನೆ

ನನ್ನ ತಂಗಿಯ ಮಗ ಒಂಬತ್ತನೇ ತರಗತಿಯಲ್ಲಿ ಓದುತ್ತಿದ್ದಾನೆ. ಬಂಧುಗಳೊಬ್ಬರು ಬಿಟ್ಟುಹೋದ ಹಳೆಯ ಪ್ಲೇಸ್ಟೇಷನ್ 2 ಮತ್ತು ಗಿಟಾರ್ ಹೀರೋ ಆಟ ಸಿಕ್ಕ ಮೇಲೆ ಅದರಲ್ಲೇ ಮುಳುಗಿ, ಈಗ ಅತಿ ಕಠಿಣ ಹಂತದ ಹಾಡುಗಳನ್ನೂ ಲೀಲಾಜಾಲವಾಗಿ ಮುಗಿಸುತ್ತಾನೆ. ಅರ್ಧ ಗಿಟಾರ್ ಕಲಿತಂತೆಯೇ ಆಯಿತು, ಉಳಿದರ್ಧಕ್ಕೆ ನಿಜವಾದ ವಾದ್ಯ ಕೊಡಿಸಿ ಎಂಬುದು ಅವನ ಹಟ. ರಾಕ್‌ಸ್ಮಿತ್ ಎಂಬ ಆಟಕ್ಕೆ ನಿಜವಾದ ಗಿಟಾರನ್ನೇ ಜೋಡಿಸಬಹುದೆಂದೂ ಹೇಳುತ್ತಾನೆ. ಅವನನ್ನು ಮೇಷ್ಟ್ರ ಬಳಿ ಕಳುಹಿಸುವುದೋ, ಆ ಆಟವನ್ನೇ ಕೊಡಿಸುವುದೋ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1

ನಾನು ಗಿಟಾರ್ ಕಲಿಸುವವನು. ಅರ್ಧ ಎನ್ನುವುದು ತೀರಾ ಹೆಚ್ಚಾಯಿತು ಸರ್. 2005ರಲ್ಲಿ ಬಂದ ಗಿಟಾರ್ ಹೀರೋದ ಪ್ಲಾಸ್ಟಿಕ್ ವಾದ್ಯಕ್ಕೆ ತಂತಿಗಳೇ ಇಲ್ಲ. ಇರುವುದು ಹಸಿರು, ಕೆಂಪು, ಹಳದಿ, ನೀಲಿ, ಕಿತ್ತಳೆ ಬಣ್ಣದ ಐದು ಗುಂಡಿಗಳು ಮತ್ತು ಮೀಟುವ ಜಾಗದಲ್ಲಿ ಮೇಲೆ ಕೆಳಗೆ ಆಡುವ ಒಂದು ಪಟ್ಟಿ. ಪರದೆಯಲ್ಲಿ ಬರುವ ಬಣ್ಣಕ್ಕೆ ಸರಿಯಾಗಿ ಗುಂಡಿ ಒತ್ತಿ, ಸರಿಯಾದ ಕ್ಷಣಕ್ಕೆ ಪಟ್ಟಿ ಆಡಿಸಿದರೆ ಮೊದಲೇ ಧ್ವನಿಮುದ್ರಣಗೊಂಡ ಗಿಟಾರಿನ ನಾದ ಕೇಳಿಸುತ್ತದೆ, ತಪ್ಪಿದರೆ ಆ ನಾದ ಕಡಿದುಹೋಗುತ್ತದೆ. ಅದೇ ಹಸಿರು ಗುಂಡಿ ಒಂದು ಹಾಡಿನಲ್ಲಿ ಒಂದು ಸ್ವರವಾದರೆ ಇನ್ನೊಂದರಲ್ಲಿ ಬೇರೆಯದೇ ಸ್ವರ. ಹೀಗಾಗಿ ಯಾವ ಸ್ವರ ವಾದ್ಯದ ಮೇಲೆ ಎಲ್ಲಿದೆ ಎಂಬ ಅರಿವು ಅದರಿಂದ ಬರಲು ಸಾಧ್ಯವೇ ಇಲ್ಲ.

ಆದರೂ ಆ ಹುಡುಗನ ಶ್ರಮ ಪೂರ್ತಿ ವ್ಯರ್ಥವಲ್ಲ. ಇಂಥ ಆಟ ಆಡಿ ಬಂದ ಮಕ್ಕಳಿಗೆ ಲಯ ಚೆನ್ನಾಗಿ ಕುಳಿತಿರುತ್ತದೆ, ಎರಡು ಕೈಗಳೂ ಬೇರೆ ಬೇರೆ ಕೆಲಸ ಮಾಡಬೇಕೆಂಬುದು ಅವರಿಗೆ ಹೊಸದಲ್ಲ. ಕಷ್ಟ ಶುರುವಾಗುವುದು ಎಫ್ ಕಾರ್ಡ್ (ಕಾರ್ಡ್ ಎಂದರೆ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವುದು) ಬಂದಾಗ. ಮೊದಲ ಫ್ರೆಟ್ಟಿನಲ್ಲಿ, ಅಂದರೆ ಗಿಟಾರಿನ ಕತ್ತಿನ ಮೇಲೆ ಅಡ್ಡಪಟ್ಟಿಗಳಿಂದ ಭಾಗವಾದ ಮನೆಗಳಲ್ಲಿ ಮೊದಲನೆಯದರಲ್ಲಿ, ತೋರುಬೆರಳನ್ನು ಅಡ್ಡಲಾಗಿ ಆರೂ ತಂತಿಗಳ ಮೇಲೆ ಒತ್ತಿ, ಉಳಿದ ಮೂರು ಬೆರಳುಗಳನ್ನು ಅವುಗಳ ಜಾಗದಲ್ಲಿಟ್ಟು ಮೀಟಿದರೆ, ಹೊಸಬರಿಗೆ ಎರಡು ತಂತಿ ನುಡಿದು ಮೂರನೆಯದು ಬರ್‍ರ್ ಎನ್ನುತ್ತದೆ, ನಾಲ್ಕನೆಯದು ಮೂಕವಾಗಿರುತ್ತದೆ. ಬೆರಳ ತುದಿ ಉರಿದು ಜಡ್ಡುಗಟ್ಟುವವರೆಗೆ ಇದು ತಪ್ಪದು. ಎಲ್ಲ ಹಂತಗಳನ್ನೂ ಗೆದ್ದು ಬಂದ ಹುಡುಗನಿಗೆ ಈ ಸೋಲು ಇತರರಿಗಿಂತ ಹೆಚ್ಚು ಅವಮಾನವೆನಿಸುತ್ತದೆ. ಬಿಟ್ಟುಹೋಗುವವರೂ ಆಗಲೇ ಬಿಡುತ್ತಾರೆ.

ಉತ್ತರ 2

ಮೇಲಿನವರು ಹೇಳಿದ್ದು ಪ್ಲಾಸ್ಟಿಕ್ ಗಿಟಾರಿನ ಮಟ್ಟಿಗೆ ನಿಜ. ಆದರೆ ಯೂಬಿಸಾಫ್ಟ್ ಕಂಪನಿ 2011ರಲ್ಲಿ ತಂದ ರಾಕ್‌ಸ್ಮಿತ್ ಬೇರೆ ಜಾತಿಯದು, ನಾನು ಕಾರ್ಡುಗಳನ್ನು ಕಲಿತದ್ದು ಅದರಿಂದಲೇ. ಎಲೆಕ್ಟ್ರಿಕ್ ಗಿಟಾರಿಗೆ ಒಂದು ಕೇಬಲ್ ಚುಚ್ಚಿ, ಇನ್ನೊಂದು ತುದಿಯನ್ನು ಕಂಪ್ಯೂಟರಿನ ಯುಎಸ್‌ಬಿಗೆ ಹಾಕಿದರೆ ನಾವು ನುಡಿಸಿದ ಸ್ವರವನ್ನೇ ಆಟ ಗುರುತಿಸುತ್ತದೆ. ಹಾಡಿಗೆ ಮೊದಲು ತಂತಿಗಳ ಶ್ರುತಿ ಸರಿಮಾಡಿಸುತ್ತದೆ. ಆರಂಭದಲ್ಲಿ ಕೆಲವೇ ಸ್ವರಗಳನ್ನು ಕೊಟ್ಟು, ಸರಿಯಾಗಿ ನುಡಿಸಿದಂತೆಲ್ಲ ಹೆಚ್ಚಿಸುತ್ತದೆ, ತಪ್ಪಿದರೆ ಕಡಿಮೆ ಮಾಡುತ್ತದೆ. ಕಷ್ಟದ ಸಾಲೊಂದನ್ನೇ ಆರಿಸಿ ನಿಧಾನಗತಿಯಲ್ಲಿ ಮತ್ತೆ ಮತ್ತೆ ನುಡಿಸುವ ಅನುಕೂಲವೂ ಇದೆ. ಬೇಸರವಿಲ್ಲದೆ ಅಷ್ಟು ಸಲ ಹೇಳಿಕೊಡುವ ಮೇಷ್ಟ್ರು, ಕ್ಷಮಿಸಿ, ನನಗಂತೂ ಸಿಕ್ಕಿರಲಿಲ್ಲ.

ಎಚ್ಚರಿಕೆ ಒಂದಿದೆ. ಟಿವಿಯ ಸ್ಪೀಕರಿನಿಂದ ಧ್ವನಿ ಬರುವಂತೆ ಇಟ್ಟುಕೊಂಡರೆ ಮೀಟಿದ್ದಕ್ಕೂ ಕೇಳಿಸಿದ್ದಕ್ಕೂ ನಡುವೆ ಅಂತರ ಬಿದ್ದು ತಾಳವೇ ಹಾಳಾಗಬಹುದು. ಹೆಡ್‌ಫೋನನ್ನು ತಂತಿಯ ಮೂಲಕ ನೇರವಾಗಿ ಕಂಪ್ಯೂಟರಿಗೆ ಜೋಡಿಸುವುದು ಒಳ್ಳೆಯದು.

ಉತ್ತರ 3

ಇವೆರಡರ ನಡುವಣ ಪ್ರಯೋಗವೂ ನಡೆದಿತ್ತು. 2010ರ ರಾಕ್ ಬ್ಯಾಂಡ್ 3 ಆಟಕ್ಕಾಗಿ 17 ಫ್ರೆಟ್ಟುಗಳಲ್ಲಿ ಆರು ತಂತಿಗಳ ಜಾಗಕ್ಕೆ ಒಟ್ಟು 102 ಗುಂಡಿಗಳಿದ್ದ ಗಿಟಾರೊಂದನ್ನು ಮಾಡಿದ್ದರು. ಬೆರಳು ಎಲ್ಲಿಡಬೇಕೆಂಬುದನ್ನು ಅದು ಕಲಿಸುತ್ತಿತ್ತು, ತಂತಿಯನ್ನು ಎಷ್ಟು ಒತ್ತಬೇಕೆಂಬುದನ್ನಲ್ಲ. ಸೆಕೆಂಡ್ ಹ್ಯಾಂಡಿನಲ್ಲಿ ಸಿಕ್ಕರೂ ಕೊಳ್ಳಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ಎಲೆಕ್ಟ್ರಿಕ್ ಗಿಟಾರ್ ಮತ್ತು ಕೇಬಲ್ ಇದ್ದರೆ ಮೇಷ್ಟ್ರು ಬೇಡವೆಂದೇ ಅರ್ಥವೇ?

ಉತ್ತರ 1 ಬರೆದವರು

ಹಾಗಲ್ಲ ಸರ್. ರಾಕ್‌ಸ್ಮಿತ್ ಉಪಯುಕ್ತವೆಂದು ನಾನೂ ಒಪ್ಪುತ್ತೇನೆ, ಆದರೆ ಅದಕ್ಕೆ ಕಿವಿಯಿದೆ, ಕಣ್ಣಿಲ್ಲ. ಮಣಿಕಟ್ಟು ವಿಪರೀತ ಬಾಗಿದ್ದರೂ, ಭುಜ ಬಿಗಿದಿದ್ದರೂ ನಿರೀಕ್ಷಿಸಿದ ಸ್ವರ ಕೇಳಿಸಿದರೆ ಅಂಕ ಕೊಟ್ಟುಬಿಡುತ್ತದೆ. ಆ ಅಭ್ಯಾಸ ಗಟ್ಟಿಯಾದ ಮೇಲೆ ತಿದ್ದುವುದು ಕಲಿಸುವುದಕ್ಕಿಂತ ಕಷ್ಟ. ಇನ್ನೊಂದು ತೊಂದರೆ ಎಂದರೆ, ಮುಂದಿನ ಸ್ವರ ಯಾವುದೆಂದು ಪರದೆಯೇ ಹೇಳುತ್ತಿರುವುದರಿಂದ ಹಾಡು ನೆನಪಿನಲ್ಲಿ ಉಳಿಯುವುದು ಕಡಿಮೆ. ಅದರಲ್ಲಿರುವ ಹಾಡುಗಳು ಹೆಚ್ಚಾಗಿ ಪಾಶ್ಚಾತ್ಯ ರಾಕ್ ಶೈಲಿಯವು. ನಾಳೆ ಹುಡುಗ ಕನ್ನಡದ ಭಾವಗೀತೆಯೊಂದನ್ನು ನುಡಿಸಲು ಹೊರಟರೆ ಕಿವಿಯಿಂದಲೇ ಹುಡುಕಿಕೊಳ್ಳಬೇಕು, ಆ ವಿದ್ಯೆಗೆ ಬೇರೆ ಅಭ್ಯಾಸವೇ ಬೇಕು.

ನನ್ನ ಸಲಹೆಯೆಂದರೆ, ಮೊದಲ ಕೆಲವು ತಿಂಗಳು ಯಾರಾದರೊಬ್ಬರ ಬಳಿ ಕೈಯಿಡುವ ಕ್ರಮವನ್ನು ಕಲಿಸಿ, ಮನೆಯ ಅಭ್ಯಾಸಕ್ಕೆ ಆಟ ಕೊಡಿಸಿ. ವಾರಕ್ಕೊಮ್ಮೆ ಪರದೆ ಆರಿಸಿ, ಅದೇ ಹಾಡನ್ನು ನುಡಿಸಲು ಹೇಳಿ. ಎಲ್ಲಿ ನಿಲ್ಲುತ್ತಾನೋ ಆ ಭಾಗವನ್ನು ಮೇಷ್ಟ್ರ ಮುಂದೆ ನುಡಿಸಲಿ.