ಸಹಾಯ ಬೇಕು: ಲಿಬ್‌ಟಿಫ್ ವಾರ್ನಿಂಗ್ ಯಾವ ಫೈಲಿನದು ಅಂತ ತಿಳಿಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಬಸವನಗುಡಿಯಲ್ಲಿ ಹಳೇ ಕನ್ನಡ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿಡುವ ಕೆಲಸ ನಡೆಯುತ್ತಿದೆ. ಎಲ್ಲಾ ಟಿಫ್ (TIFF) ಚಿತ್ರದ ಫೈಲುಗಳು. ಅವನ್ನು ಓದಲು ಲಿಬ್‌ಟಿಫ್ (libtiff) ಲೈಬ್ರರಿ ಬಳಸಿ ಸಿ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದಿದ್ದೇನೆ. ಒಂದೇ ಸಲ ಹಲವು ಥ್ರೆಡ್‌ಗಳು ಓಡುತ್ತವೆ, ಅಂದರೆ ಹಲವು ಫೈಲುಗಳನ್ನು ಒಟ್ಟಿಗೆ ಓದುತ್ತವೆ.

ತೊಂದರೆ ಇದು. ಫೋಟೋಶಾಪ್‌ನಲ್ಲಿ ಸೇವ್ ಮಾಡಿದ ಫೈಲು ಬಂದರೆ 37724 ಗೊತ್ತಿಲ್ಲದ ಟ್ಯಾಗ್ (ಫೈಲಿನೊಳಗಿನ ಮಾಹಿತಿಯ ಗುರುತು ಸಂಖ್ಯೆ) ಅಂತ ವಾರ್ನಿಂಗ್. ಅದು ಫೋಟೋಶಾಪ್ ತನ್ನ ಲೇಯರ್‌ಗಳನ್ನು ಇಡುವ ಜಾಗ ಅಷ್ಟೇ, ಚಿತ್ರಕ್ಕೆ ಏನೂ ಆಗಿರುವುದಿಲ್ಲ. ವಾರ್ನಿಂಗ್ ಬಂದಾಗ ಕರೆಯುವ ಫಂಕ್ಷನ್ (ಹ್ಯಾಂಡ್ಲರ್) ಯಾವುದು ಅಂತ ಹೇಳುವ ಟಿಫ್‌ಸೆಟ್‌ವಾರ್ನಿಂಗ್‌ಹ್ಯಾಂಡ್ಲರ್‌ಗೆ ನಲ್ ಕೊಟ್ಟರೆ ಬಾಯಿ ಮುಚ್ಚುತ್ತದೆ, ಸರಿ. ಆದರೆ ಅದರ ಜೊತೆ ನಿಜವಾಗಿ ಹಾಳಾದ ಫೈಲುಗಳ ವಾರ್ನಿಂಗೂ ಹೋಗಿಬಿಡುತ್ತದೆ, ಅಲ್ವಾ?

ನನ್ನದೇ ಹ್ಯಾಂಡ್ಲರ್ ಹಾಕಿ ನೋಡಿದೆ. ಅದು ಇಡೀ ಪ್ರೋಗ್ರಾಂಗೆ ಒಂದೇ. ಅದಕ್ಕೆ ಸಿಗುವ ಮಾಡ್ಯೂಲ್ ಅನ್ನುವ ಆರ್ಗ್ಯುಮೆಂಟ್‌ನಲ್ಲಿ ಒಮ್ಮೆ ಫೈಲಿನ ಹೆಸರು, ಇನ್ನೊಮ್ಮೆ ಒಳಗಿನ ಫಂಕ್ಷನ್ ಹೆಸರು. ಯಾಕೆ ಹೀಗೆ ಮಾಡಿದರೋ!

ಲಿಬ್‌ಟಿಫ್ 4.5ನೇ ಆವೃತ್ತಿಯಿಂದ ಟಿಫ್‌ಓಪನ್‌ಆಪ್ಷನ್ಸ್ ಬಂದಿದೆ. ಪ್ರತಿ ಫೈಲಿಗೂ ಬೇರೆ ಹ್ಯಾಂಡ್ಲರ್ ಕೊಡಬಹುದು, ಅದು 1 ವಾಪಸ್ ಕೊಟ್ಟರೆ ಗ್ಲೋಬಲ್ ಹ್ಯಾಂಡ್ಲರ್ ಕರೆಯುವುದಿಲ್ಲ. ನನಗೆ ಬೇಕಾದದ್ದು ಇದೇ. ಆದರೆ ನಮ್ಮ ಸರ್ವರ್ ಉಬುಂಟು 22.04, ಅದರಲ್ಲಿರುವುದು 4.3. ಸದ್ಯಕ್ಕೆ ಬದಲಾಯಿಸಲು ಬಿಡುವುದಿಲ್ಲ.

ಟಿಫ್‌ಕ್ಲೈಂಟ್‌ಓಪನ್ ಬಳಸಿ, ಫೈಲಿನ ಹೆಸರಿರುವ ನನ್ನ ಸ್ಟ್ರಕ್ಟನ್ನೇ ಕ್ಲೈಂಟ್‌ಡೇಟಾ ಆಗಿ ಕೊಟ್ಟು, ಆ ಡೇಟಾ ಸಿಗುವ ಎಕ್ಸ್ಟ್ ಹ್ಯಾಂಡ್ಲರ್‌ನಲ್ಲಿ (TIFFSetWarningHandlerExt) ಹಿಡಿಯುವ ಯೋಚನೆ ಇದೆ. ಆದರೆ ಹಾಗೆ ಮಾಡಿದರೆ ಫೈಲು ಓದುವುದು, ಸೀಕ್ ಮಾಡುವುದು (ಫೈಲಿನಲ್ಲಿ ಬೇಕಾದ ಜಾಗಕ್ಕೆ ಹೋಗುವುದು) ಎಲ್ಲಾ ನಾನೇ ಬರೆಯಬೇಕು. ಇಲ್ಲಾಂದ್ರೆ ಪ್ರತಿ ಥ್ರೆಡ್‌ಗೂ ಬೇರೆಯಾಗಿರುವ ಥ್ರೆಡ್-ಲೋಕಲ್ ವೇರಿಯಬಲ್‌ನಲ್ಲಿ ಹೆಸರು ಇಟ್ಟುಕೊಂಡರೆ ಸಾಕಾ? ಯಾರಾದರೂ ಮಾಡಿದ್ದರೆ ದಯವಿಟ್ಟು ತಿಳಿಸಿ. ಸಣ್ಣ ಕೋಡ್ ತುಣುಕು ಹಾಕಿದರೆ ಇನ್ನೂ ಒಳ್ಳೆಯದು.