ವಾಹಿನಿಯ ಲಾಂಛನವನ್ನು ಕೈಯಾರೆ ಕಟ್ಟಿ ಚಿತ್ರೀಕರಿಸಿದವರು ಇದ್ದೀರಾ?

ತೀರ್ಥಹಳ್ಳಿಯಿಂದ ಪ್ರಶ್ನೆ

ನಮ್ಮ ತಾಲ್ಲೂಕಿನ ಕೇಬಲ್ ವಾಹಿನಿಯೊಂದಕ್ಕೆ ಹೊಸ ಲಾಂಛನ ಸಿದ್ಧವಾಗಿದೆ: ‘ಸುದ್ದಿ’ ಎಂಬ ಪದ, ಹಿಂದೆ ಬೆಟ್ಟದ ಸಾಲು. ವಾರ್ತೆಗೆ ಮೊದಲು ಐದು ಸೆಕೆಂಡು ಅದು ಪರದೆಯ ಮೇಲೆ ಬರಬೇಕು. ಕಂಪ್ಯೂಟರಿನಲ್ಲಿ ಮಾಡಿಸಿ ನೋಡಿದೆವು, ಎಲ್ಲರದರ ಹಾಗೆಯೇ ಇದೆ. ನಿಜವಾದ ವಸ್ತುವಾಗಿ ಕಟ್ಟಿ, ಮೇಲೆ ಮಳೆ ಸುರಿಸಿ ಚಿತ್ರೀಕರಿಸುವ ಆಸೆ. ಯಾವ ವಸ್ತು, ಎಷ್ಟು ಗಾತ್ರ, ಬೆಳಕು ಹೇಗೆ? ಅನುಭವ ಇದ್ದವರು ತಿಳಿಸಿ.

ಶಿವಮೊಗ್ಗದಿಂದ, ಛಾಯಾಗ್ರಾಹಕ

ಖಂಡಿತ ಮಾಡಿ. 1953ರಲ್ಲಿ ವಿನ್ಯಾಸಕಾರ ಏಬ್ರಾಂ ಗೇಮ್ಸ್ ಬಿಬಿಸಿಗಾಗಿ ಹಿತ್ತಾಳೆ ಮತ್ತು ತಂತಿಗಳಿಂದ ತಿರುಗುವ ಲಾಂಛನವೊಂದನ್ನು ಕಟ್ಟಿದರು. ಚಿತ್ರೀಕರಣ ಮುಗಿದ ಸ್ವಲ್ಪದರಲ್ಲೇ ಅದು ಮುರಿದುಹೋಯಿತು, ಫಿಲ್ಮು ಮಾತ್ರ ವರ್ಷಗಟ್ಟಲೆ ಪ್ರಸಾರವಾಯಿತು. ನಿಮಗೆ ಬೇಕಾದದ್ದು ಇದೇ ಧೈರ್ಯ. ಅಂಗಡಿಯ ಬೋರ್ಡು ಹತ್ತು ವರ್ಷ ಬಿಸಿಲು ಮಳೆ ತಡೆಯಬೇಕು, ಎಲ್ಲ ಕಡೆಯಿಂದಲೂ ಚೆನ್ನಾಗಿ ಕಾಣಬೇಕು. ಇದಕ್ಕೆ ಒಂದು ಕೋನ, ಒಂದು ಬೆಳಕು ಸಾಕು. ಆದ್ದರಿಂದ ಕ್ಯಾಮೆರಾ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮೊದಲು ತೀರ್ಮಾನಿಸಿ, ಆಮೇಲೆ ಮರಕ್ಕೆ ಗರಗಸ ಹಾಕಿ. ಕಾಣದ ಬೆನ್ನಿಗೆ ಬಣ್ಣವೂ ಬೇಡ.

ರಟ್ಟಿನಲ್ಲಿ ಒಂದು ಮಾದರಿ ಕತ್ತರಿಸಿ ಮೊಬೈಲಿನಲ್ಲೇ ನೋಡಿ. ಕನ್ನಡ ಅಕ್ಷರಗಳಿಗೆ ಇದು ತೀರ ಅಗತ್ಯ. ದುಂಡನೆಯ ಅಕ್ಷರಕ್ಕೆ ಹೆಚ್ಚು ದಪ್ಪ ಕೊಟ್ಟು ಓರೆಯಿಂದ ನೋಡಿದರೆ ಒಳಗಿನ ಬಯಲು ಮುಚ್ಚಿಹೋಗಿ ‘ದ’ ಯಾವುದು, ‘ಧ’ ಯಾವುದು ಎಂದು ತಿಳಿಯುವುದಿಲ್ಲ. ದಪ್ಪವನ್ನು ಗೆರೆಯ ಅಗಲಕ್ಕಿಂತ ಕಡಿಮೆ ಇಡಿ. ಸಣ್ಣ ಅಡ್ಡಗೆರೆಗಳನ್ನೂ ಬಿಡಿ, ಹಳೆಯ ಟಿವಿಗಳಲ್ಲಿ ಅವು ಮಿಣುಗುಟ್ಟುತ್ತವೆ. ಕಡುಗೆಂಪು ಬಣ್ಣ ಅಂಚಿನಾಚೆ ಹರಡಿಕೊಳ್ಳುತ್ತದೆ.

ಗಾತ್ರ ಎರಡಡಿಗಿಂತ ಕಡಿಮೆ ಬೇಡ. ಪುಟ್ಟ ವಸ್ತುವನ್ನು ಹತ್ತಿರದಿಂದ ತೆಗೆದರೆ ಮುಂದಿನದು ಸ್ಪಷ್ಟ, ಹಿಂದಿನದು ಮಸುಕು, ಆಟಿಕೆ ಎಂದು ಕೂಡಲೇ ಗೊತ್ತಾಗುತ್ತದೆ. ಲೆನ್ಸಿನ ಕಿಂಡಿಯನ್ನು (ಅಪರ್ಚರ್) ಎಫ್ 11 ಅಥವಾ 16ಕ್ಕೆ ಇಳಿಸಿ, ಕಡಿಮೆಯಾದ ಬೆಳಕನ್ನು ದೀಪಗಳಿಂದ ತುಂಬಿಸಿ. ಮಳೆಗೂ ಗಾತ್ರ ಮುಖ್ಯ. ಅಕ್ಷರವನ್ನು ಕಿರಿದು ಮಾಡಬಹುದು, ನೀರಿನ ಹನಿಯನ್ನು ಕಿರಿದು ಮಾಡಲಾಗದು. ಸೆಕೆಂಡಿಗೆ 100 ಚೌಕಟ್ಟು (ಫ್ರೇಮ್) ತೆಗೆದು 25ರಲ್ಲಿ ಓಡಿಸಿದರೆ ನಾಲ್ಕು ಪಟ್ಟು ನಿಧಾನವಾಗಿ, ಹನಿಗಳಿಗೆ ತೂಕ ಬರುತ್ತದೆ. ಆದರೆ ಆ ವೇಗದಲ್ಲಿ ಮನೆಯ ಎಲ್‌ಇಡಿ ಬಲ್ಬು ಮಿನುಗುವುದು ಚಿತ್ರದಲ್ಲಿ ಕಾಣಬಹುದು, ಹಗಲ ಬೆಳಕು ಲೇಸು. ಮಾಮೂಲಿ 25 ಚೌಕಟ್ಟಿಗಾದರೆ ಶಟರ್ ವೇಗ 1/50 ಸೆಕೆಂಡು ಇಡಿ, ನಮ್ಮ ಕರೆಂಟಿನ 50 ಹರ್ಟ್ಸ್‌ಗೆ ಹೊಂದುತ್ತದೆ. ಮಳೆ ಕಾಣಬೇಕಾದರೆ ಹಿಂದಿನಿಂದ ಬೆಳಕು ಬೇಕು, ಹಿನ್ನೆಲೆ ಕಪ್ಪಿರಬೇಕು. ಮುಂದಿನಿಂದ ಎಷ್ಟು ಬೆಳಕು ಹಾಕಿದರೂ ನೀರು ಮಾಯವಾಗುತ್ತದೆ.

ಹೆಗ್ಗೋಡಿನಿಂದ, ರಂಗಸಜ್ಜಿಕೆ ಮಾಡುವವರು

ಮೇಲಿನವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆಯಿದೆ. ವಸ್ತುವಿನ ಬಗ್ಗೆ ನಾನು ಸೇರಿಸುತ್ತೇನೆ.

ನೀರು ಬೀಳುತ್ತದೆ ಎಂದ ಮೇಲೆ ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಬೇಡವೇ ಬೇಡ. ಕತ್ತರಿಸಿದ ಅಂಚು ನೀರು ಕುಡಿದು ಉಬ್ಬುತ್ತದೆ, ನಮ್ಮ ಮಳೆಗಾಲದ ತೇವವಂತೂ ಇನ್ನೂ ಕೆಟ್ಟದ್ದು. ಬೆಟ್ಟದ ಸಾಲಿಗೆ ಥರ್ಮೊಕೋಲ್ ಹಗುರ, ಅಗ್ಗ. ಆದರೆ ಸ್ಪ್ರೇ ಡಬ್ಬಿಯ ಬಣ್ಣ ನೇರವಾಗಿ ತಾಗಿದರೆ ಕರಗಿ ಗುಳಿ ಬೀಳುತ್ತದೆ, ಮೊದಲು ಗೋಡೆಗೆ ಹಚ್ಚುವ ಎಮಲ್ಷನ್ ಎರಡು ಕೈ ಕೊಟ್ಟು ಒಣಗಿಸಿ. ಅಕ್ಷರಗಳಿಗೆ ಅಕ್ರಿಲಿಕ್ ಹಾಳೆಯನ್ನು ಲೇಸರಿನಲ್ಲಿ ಕತ್ತರಿಸಿ ಪದರ ಪದರವಾಗಿ ಅಂಟಿಸಬಹುದು. ನೀರಿಗೆ ಹೆದರುವುದಿಲ್ಲ, ಅಂಚೂ ಚೊಕ್ಕ.

ಬಿಡಿ ಭಾಗಗಳ ಚಿಂತೆ ನಿಮ್ಮ ಪದದಲ್ಲೇ ಇದೆ. ‘ಸುದ್ದಿ’ಯ ದ ಒತ್ತು ಮೇಲಿನ ಅಕ್ಷರಕ್ಕೆ ಅಂಟಿಕೊಂಡಿರುವುದಿಲ್ಲ, ಗಾಳಿಯಲ್ಲಿ ತೂಗುತ್ತದೆ. ಕೆಲವರು ಅದನ್ನು ಮೇಲಕ್ಕೆ ಸೇರಿಸಿಬಿಡುತ್ತಾರೆ. ಅಕ್ಷರದ ರೂಪವೇ ಕೆಡುತ್ತದೆ, ದಯವಿಟ್ಟು ಹಾಗೆ ಮಾಡಬೇಡಿ. ಹಿಂದಿನಿಂದ ಕಬ್ಬಿಣದ ಕಡ್ಡಿ ಕೊಟ್ಟು ನಿಲ್ಲಿಸಿ, ಕಡ್ಡಿಗೆ ಹಿನ್ನೆಲೆಯದೇ ಮಂಕು ಕಪ್ಪು ಬಳಿಯಿರಿ.

ಸಾಗರದಿಂದ

ನಮ್ಮಲ್ಲಿ ಗುಡಿಗಾರರ ಕೈಕೆಲಸ ಇರುವಾಗ ಅಕ್ರಿಲಿಕ್ ಏಕೆ? ಶಿವನೆ ಮರ ಕೆತ್ತನೆಗೆ ಹದವಾಗಿ ಬರುತ್ತದೆ. ಉಳಿಯ ಗುರುತು ಓರೆ ಬೆಳಕಿನಲ್ಲಿ ಎದ್ದು ಕಾಣುವ ಚೆಂದ ಯಂತ್ರಕ್ಕೆ ಬರುವುದಿಲ್ಲ. ಮಳೆಯ ಆಸೆ ಬಿಟ್ಟರೆ ನನ್ನ ಮತ ಮರಕ್ಕೇ. ವಸ್ತುವನ್ನು ಅಲುಗಿಸದೆ ದೀಪವನ್ನು ಮಾತ್ರ ಎಡದಿಂದ ಬಲಕ್ಕೆ ನಿಧಾನ ಸರಿಸಿ. ಅಕ್ಷರ ಒಂದೊಂದಾಗಿ ಕತ್ತಲಿನಿಂದ ಹೊರಬರುತ್ತದೆ, ಖರ್ಚೂ ಇಲ್ಲ.

ತೀರ್ಥಹಳ್ಳಿಯಿಂದ ಮತ್ತೆ

ಎಲ್ಲರಿಗೂ ವಂದನೆ. ಮಳೆ ಬಿಡಲು ಮನಸ್ಸಿಲ್ಲ, ಊರೇ ಮಳೆಯದು. ಅಕ್ಷರಗಳಿಗೆ ಹಿತ್ತಾಳೆಯ ಹೊಳಪು ಕೊಡಬಹುದೇ? ಪರದೆಯ ಮೂಲೆಯ ಗುರುತಿಗೂ ಇದೇ ಚಿತ್ರ ಬಳಸಬಹುದೇ?

ಶಿವಮೊಗ್ಗದಿಂದ, ಛಾಯಾಗ್ರಾಹಕ

ಮೂಲೆಗೆ ಬೇಡ. ಅಲ್ಲಿ ಚಪ್ಪಟೆ ಚಿತ್ರವೇ ಸರಿ, ಬೆಟ್ಟವನ್ನೂ ತೆಗೆದುಬಿಡಿ.

ಹೊಳಪು ಕೊಡಬಹುದು. 1980ರ ದಶಕದ ಆರಂಭದಲ್ಲಿ ಅಮೆರಿಕದ ಎಚ್‌ಬಿಒ ವಾಹಿನಿ ತನ್ನ ಮೂರು ಅಕ್ಷರಗಳನ್ನು ಹಿತ್ತಾಳೆಯಲ್ಲೇ ಮಾಡಿಸಿ ಕ್ರೋಮ್ ಲೇಪ ಕೊಡಿಸಿತ್ತು. ಆದರೆ ಹೊಳೆಯುವ ವಸ್ತುವನ್ನು ಚಿತ್ರೀಕರಿಸುವುದೆಂದರೆ ಅದರಲ್ಲಿ ಬಿಂಬಿಸುವ ಕೋಣೆಯನ್ನು ಚಿತ್ರೀಕರಿಸುವುದು. ಕ್ಯಾಮೆರಾ, ನೀವು, ಕಿಟಕಿ ಎಲ್ಲವೂ ಅದರೊಳಗೆ ಕಾಣುತ್ತವೆ. ಸುತ್ತ ಬಿಳಿ ಪಂಚೆ ಕಟ್ಟಿ ಲೆನ್ಸಿಗೆ ಮಾತ್ರ ಕಿಂಡಿ ಬಿಡಿ, ಅಂಚು ಎದ್ದು ಕಾಣಲು ನಡುವೆ ಕಪ್ಪು ಕಾಗದದ ಪಟ್ಟಿ ಇಳಿಬಿಡಿ. ಹಿಂದಿನ ಕಪ್ಪು ಪರದೆಯನ್ನು ಹಾಗೆಯೇ ಇಡಿ. ಬಣ್ಣದ ಕೆಲಸ ಬೇಸಿಗೆಯಲ್ಲೇ ಮುಗಿಸಿ. ಆಷಾಢದ ತೇವದಲ್ಲಿ ಮೆರುಗೆಣ್ಣೆ ಹೊಡೆದರೆ ಬೆಳ್ಳಗೆ ಮಂಜು ಕಟ್ಟುತ್ತದೆ.

ಹೆಗ್ಗೋಡಿನಿಂದ

ಮಳೆಗೆ ಆಕಾಶ ನೋಡುತ್ತ ಕೂರಬೇಡಿ. ತೋಟದ ಸ್ಪ್ರಿಂಕ್ಲರ್ ಜೆಟ್ಟನ್ನು ಎತ್ತರಕ್ಕೆ ಕಟ್ಟಿ, ಹನಿ ತಾನಾಗಿ ಕೆಳಗೆ ಬೀಳಲಿ. ಸಣ್ಣ ತುಂತುರು ಬೇಕಾದರೆ ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ಔಷಧಿ) ಹೊಡೆಯುವ ಪಂಪ್ ಸಾಕು. ಆದರೆ ಡ್ರಮ್ಮು, ಪೈಪು, ನಳಿಕೆ ಎಲ್ಲವನ್ನೂ ನೀರು ತಿಳಿಯಾಗಿ ಬರುವ ತನಕ ತೊಳೆಯಿರಿ. ಉಳಿದ ಮೈಲುತುತ್ತ, ಸುಣ್ಣ ಅಕ್ಷರದ ಮೇಲೆ ಒಣಗಿದರೆ ಕಲೆ ಕಟ್ಟುತ್ತದೆ, ಕಪ್ಪು ಹಿನ್ನೆಲೆಯ ಮೇಲಂತೂ ಇನ್ನೂ ಢಾಳಾಗಿ ಕಾಣುತ್ತದೆ.